ತನ್ನ ಚೆಂಡುಗಳನ್ನು ತಾನೇ ಜೋಡಿಸಿಕೊಂಡು ಗೆದ್ದವನ ದೂರು

ಜಿಲ್ಲಾ ಪೂಲ್ ಪಂದ್ಯಾವಳಿ ಸಮಿತಿಯ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ಕೋಲಾರದಲ್ಲಿ ನೀವು ನಡೆಸಿದ ಪಂದ್ಯಾವಳಿಯ ಫೈನಲ್‌ನಲ್ಲಿ ಮೋಸ ನಡೆದಿದೆ. ಮೋಸ ಮಾಡಿದವನು ನಾನು. ಗೆದ್ದವನೂ ನಾನೇ. ಇದನ್ನು ಎರಡು ಸಲ ಬರೆದು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ 'ಎದುರಾಳಿಯಿಂದ ಆಕ್ಷೇಪಣೆ ಬಾರದ ಕಾರಣ ಫಲಿತಾಂಶ ಅಂತಿಮ' ಎಂಬ ಒಂದೇ ಸಾಲು ಬಂತು. ಬರುವ ಶುಕ್ರವಾರ ರಾಜ್ಯಮಟ್ಟದ ಪಂದ್ಯಕ್ಕೆ ಜಿಲ್ಲೆಯ ಪರವಾಗಿ ನನ್ನ ಹೆಸರು ಹೋಗುತ್ತದೆ. ಅಷ್ಟರೊಳಗೆ ಯಾರಾದರೂ ಕೇಳಿಸಿಕೊಳ್ಳಲಿ ಎಂದು ಈಗ ಪತ್ರಿಕೆಯಲ್ಲಿ ಎಲ್ಲರ ಎದುರು ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು ಹೇಳಬೇಕು. ಒಂಬತ್ತು ಚೆಂಡುಗಳ ಪೂಲ್‌ನಲ್ಲಿ ಪ್ರತಿ ಸುತ್ತಿಗೂ ಚೆಂಡುಗಳನ್ನು ಚೌಕಟ್ಟಿನೊಳಗೆ ಒಂದಕ್ಕೊಂದು ತಾಗುವಂತೆ ಜೋಡಿಸಿ, ಚೌಕಟ್ಟು ತೆಗೆದು, ಬಿಳಿ ಚೆಂಡಿನಿಂದ ಹೊಡೆದು ಚದುರಿಸುತ್ತಾರೆ. ಬ್ರೇಕ್ ಎನ್ನುವ ಆ ಮೊದಲ ಹೊಡೆತಕ್ಕೆ ಒಂದಾದರೂ ಚೆಂಡು ಟೇಬಲ್ ಅಂಚಿನ ಪಾಕೆಟ್‌ಗೆ ಬಿದ್ದರೆ ಹೊಡೆದವನ ಆಟ ಮುಂದುವರಿಯುತ್ತದೆ. ಎದುರಾಳಿ ಕುರ್ಚಿಯಲ್ಲಿ ಕೂತು ನೋಡಬೇಕು. ಜೋಡಿಸುವಾಗ ಸರಿಯಾದ ಜಾಗದಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೆ ಸಾಕು, ಪಕ್ಕದ ಚೆಂಡೊಂದು ಹೇಳಿಕೊಟ್ಟ ಹಾಗೆ ಮೂಲೆಯ ಪಾಕೆಟ್‌ಗೆ ಹೋಗಿ ಬೀಳುತ್ತದೆ. ಹಾಗಾದರೆ ಚೆಂಡುಗಳನ್ನು ಯಾರು ಜೋಡಿಸಬೇಕು? ನಿಮ್ಮ ನಿಯಮದ ಪ್ರಕಾರ, ಹೊಡೆಯುವವನೇ.

ನಮ್ಮಮ್ಮ ಇಪ್ಪತ್ತು ವರ್ಷಗಳಿಂದ ಊರಿನ ಡೇರಿಗೆ ಹಾಲು ಹಾಕುತ್ತಾಳೆ. ತನ್ನ ಹಾಲಿನ ಫ್ಯಾಟ್ ತಾನೇ ನೋಡಿ ಬರೆದುಕೊಳ್ಳುತ್ತೇನೆ ಎಂದು ಅವಳು ಒಂದು ದಿನವೂ ಕೇಳಿಲ್ಲ. ಕೇಳಿದ್ದರೆ ಸಾಲಿನಲ್ಲಿ ನಿಂತ ಹೆಂಗಸರೆಲ್ಲ ನಗುತ್ತಿದ್ದರು. ಅವಳು ನೀರು ಬೆರೆಸುವವಳು ಎಂದಲ್ಲ. ಬೆರೆಸಿದಳೋ ಇಲ್ಲವೋ ಎಂಬ ಅನುಮಾನಕ್ಕೇ ಜಾಗ ಇರಬಾರದು ಎಂದು. ಎಂ.ಎ. ಪರೀಕ್ಷೆಯಲ್ಲಿ ನನ್ನ ಉತ್ತರಪತ್ರಿಕೆಯನ್ನು ನಾನೇ ತಿದ್ದಿಕೊಳ್ಳಲು ಬಿಟ್ಟಿದ್ದರೆ ನನಗೂ ಚಿನ್ನದ ಪದಕ ಬರುತ್ತಿತ್ತು. ವಿಶ್ವವಿದ್ಯಾಲಯಕ್ಕೆ ನಿಮ್ಮ ಸಮಿತಿಯಷ್ಟು ವಿಶಾಲ ಹೃದಯ ಇರಲಿಲ್ಲ.

ಅನುಮಾನ ಬಂದರೆ ಎದುರಾಳಿ ಎದ್ದು ಬಂದು ಪರೀಕ್ಷಿಸಬಹುದಲ್ಲ ಎಂದು ನೀವು ಕೇಳುತ್ತೀರಿ. ಎಷ್ಟು ಸುಲಭ! ನೀವು ಯಾವತ್ತಾದರೂ ಆ ಕುರ್ಚಿಯಲ್ಲಿ ಕೂತಿದ್ದೀರಾ? ನಾನು ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿ ಹೋದರೂ ಕಂಡಕ್ಟರನ್ನು ಕೂಗದೆ, ಮುಂದಿನದರಲ್ಲಿ ಇಳಿದು ನಡೆದು ಬರುವವನು. ಹೋದ ವರ್ಷ ಶ್ರೀನಿವಾಸಪುರದ ಪಂದ್ಯದಲ್ಲಿ ಮಾಲೂರಿನ ಚಂದ್ರಮೋಹನ್ ಎಂಬ ಆಟಗಾರ ನನ್ನೆದುರು ಇದ್ದರು. ಅವರು ಜೋಡಿಸಿದಾಗಲೆಲ್ಲ ಎಡಗೈಯ ಒಂದು ಬೆರಳು ಮುಂದಿನ ಚೆಂಡಿನ ಹಿಂದೆ ಅರೆಗಳಿಗೆ ಹೆಚ್ಚಾಗಿ ನಿಲ್ಲುತ್ತಿತ್ತು. ನಾಲ್ಕು ಸಲ ಅದೇ ಚೆಂಡು ಅದೇ ಮೂಲೆಗೆ ಬಿತ್ತು. ನಾನು ಎಲ್ಲವನ್ನೂ ನೋಡಿದೆ. ಏಳಲಿಲ್ಲ. ಸುತ್ತ ಐವತ್ತು ಜನ ನಿಂತಿರುವಾಗ ಟೇಬಲ್‌ವರೆಗೆ ನಡೆದು, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುವುದೆಂದರೆ ಅವರನ್ನು ಕಳ್ಳ ಎಂದು ಕರೆದ ಹಾಗೆ. ಏಳು–ಮೂರರಲ್ಲಿ ಸೋತು ಮನೆಗೆ ಹೊರಟೆ. ದಾರಿಯುದ್ದಕ್ಕೂ ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಬೆರಳು ಸರಿಯಾಗಿ ಎಲ್ಲಿತ್ತು ಎಂದು ನೆನಪಿಸಿಕೊಳ್ಳುತ್ತಿದ್ದೆ.

ಈ ವರ್ಷದ ಫೈನಲ್‌ನಲ್ಲಿ ನನ್ನ ಎದುರಾಳಿ ತಾಯಲೂರಿನ ಮುನಿಕೃಷ್ಣ. ಟೊಮೆಟೊ ಮಂಡಿಯಲ್ಲಿ ಕ್ರೇಟ್ ಹೊರುವ ಕೆಲಸ, ವಯಸ್ಸು ಮೂವತ್ತಾರು. ಇದಕ್ಕೆ ಮೊದಲು ಮೂರು ಸಲ ಫೈನಲ್‌ಗೆ ಬಂದು ಮೂರು ಸಲವೂ ಸೋತವರು. ಆಟ ಐದು–ಐದಕ್ಕೆ ನಿಂತಿತ್ತು. ಏಳು ಗೆದ್ದವರಿಗೆ ಪಂದ್ಯ. ಬ್ರೇಕ್ ನನ್ನದು, ಆದ್ದರಿಂದ ಜೋಡಿಸುವ ಕೆಲಸವೂ ನನ್ನದು. ನನ್ನ ಬೆರಳು ತಾನಾಗಿಯೇ ಆ ಜಾಗಕ್ಕೆ ಹೋಯಿತು ಎಂದು ಬರೆಯಬಹುದಿತ್ತು. ಅದು ಸುಳ್ಳು. ನಾನೇ ಇಟ್ಟೆ. ಚೆಂಡು ಬಿತ್ತು. ಆ ಸುತ್ತು ಗೆದ್ದಿದ್ದರಿಂದ ಮುಂದಿನ ಬ್ರೇಕೂ ನನ್ನದೇ. ಮತ್ತೆ ಇಟ್ಟೆ. ಮತ್ತೆ ಬಿತ್ತು. ಮುನಿಕೃಷ್ಣ ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿದ್ದರು. ಏಳು–ಐದು ಆದಾಗ ಎದ್ದು ಬಂದು ನನ್ನ ಬೆನ್ನು ತಟ್ಟಿ, "ಚೆನ್ನಾಗಿ ಹೊಡ್ದೆ ಕಣೋ" ಅಂದರು.

ಎಂಟು ದಿನ ತಡೆದುಕೊಂಡೆ. ಒಂಬತ್ತನೆಯ ದಿನ ಬೆಳಿಗ್ಗೆ ಮಂಡಿಗೆ ಹೋದೆ.

"ಅಣ್ಣಾ, ಕೊನೇ ಎರಡು ಸಲ ನಾನು ಬಾಲ್ ಮಧ್ಯೆ ಸಂದು ಬಿಟ್ಟಿದ್ದೆ."

ಅವರು ಹೆಗಲ ಮೇಲಿನ ಕ್ರೇಟ್ ಇಳಿಸಲೂ ಇಲ್ಲ. "ಗೊತ್ತು."

"ಗೊತ್ತಾ?"

"ಏನ್ಲಾ, ಹದಿನೈದು ವರ್ಷ ಆಡಿದೋನಿಗೆ ಬ್ರೇಕಿನ ಸದ್ದು ಗೊತ್ತಾಗಲ್ವಾ? ಎರಡನೇ ಸಲ ಬೆರಳಿಟ್ಟು ನನ್ನ ಕಡೆ ಬೇರೆ ನೋಡ್ದೆ. ಕದಿಯೋಕೂ ಸರಿಯಾಗಿ ಬರಲ್ಲ ನಿಂಗೆ."

"ಮತ್ತೆ ಯಾಕಣ್ಣಾ ಎದ್ದು ಬರ್ಲಿಲ್ಲ?"

"ಎದ್ದು ಬಂದು? ನಿಮ್ಮಮ್ಮ ಮುಂದಿನ ಸಾಲಲ್ಲಿ ಕೂತಿದ್ರು. ಅವರ ಮುಂದೆ ನಿನ್ನ ಕಳ್ಳ ಅನ್ಲಾ? ಪೋನೀಲೇ, ಹೋಗ್ಲಿ ಬಿಡು ಅಂದ್ಕೊಂಡೆ."

ಈಗಲಾದರೂ ಒಂದು ಆಕ್ಷೇಪಣೆ ಬರೆದುಕೊಡಿ ಎಂದು ಅಂಗಲಾಚಿದೆ. ಅವರಿಗೆ ಸಿಟ್ಟು ಬಂತು.

"ಅಲ್ಲಿ ಬಾಯಲ್ಲಿ ಅನ್ನದೇ ಇದ್ದಿದ್ದನ್ನ ಈಗ ಪೇಪರ್ ಮೇಲೆ ಅಂತೀನಾ? ಮಾಡಿದೋನು ನೀನು, ಓದಿದೋನೂ ನೀನೇ. ನೀನೇ ಬರ್ಕೋ. ದಾರಿ ಬಿಡು, ಭಾರ ಐತೆ."

ಕಾರ್ಯದರ್ಶಿಗಳೇ, ನಿಮ್ಮ ನಿಯಮ ಹೇಗೆ ಕೆಲಸ ಮಾಡುತ್ತದೆ ಎಂದು ಈಗ ಕಂಡಿತೇ? ಸಂಕೋಚದವನು ಏಳುವುದಿಲ್ಲ. ಮರ್ಯಾದಸ್ಥನೂ ಏಳುವುದಿಲ್ಲ. ತೀರ್ಪುಗಾರ ಮಾಡಬೇಕಾದ ಕೆಲಸವನ್ನು ನೀವು ಎದುರಾಳಿಯ ದಾಕ್ಷಿಣ್ಯಕ್ಕೆ ಬಿಟ್ಟಿದ್ದೀರಿ. ಆ ಮನುಷ್ಯ ನನ್ನ ಮಾನ ಉಳಿಸಲು ತನ್ನ ನಾಲ್ಕನೆಯ ಫೈನಲ್ ಬಿಟ್ಟುಕೊಟ್ಟ. ನೀವು ಅದನ್ನು 'ಆಕ್ಷೇಪಣೆ ಇಲ್ಲ' ಎಂದು ದಾಖಲಿಸಿದಿರಿ.

ಮಂಡಿಯಿಂದ ನೇರ ನಿಮ್ಮ ಕಚೇರಿಗೆ ಬಂದಿದ್ದೆ. ನೀವಿರಲಿಲ್ಲ. ಮೇಜಿನ ಹಿಂದೆ ಇದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೆದ್ದೋರು ಕಂಪ್ಲೇಂಟ್ ಕೊಡೋಕೆ ನಮ್ಮ ಫಾರಂನಲ್ಲಿ ಕಾಲಂ ಇಲ್ಲಪ್ಪಾ" ಅಂದರು. ಹಾಗಾದರೆ ನನ್ನ ಹೆಸರು ತೆಗೆದು ಅವರ ಹೆಸರು ಹಾಕಿ ಅಂದೆ. "ಅದಕ್ಕೂ ರೂಲ್ಸಿಲ್ಲ. ನೀನು ಬೇಡ ಅಂದ್ರೆ ಈ ಸಲ ಜಿಲ್ಲೆಯಿಂದ ಯಾರೂ ಹೋಗಲ್ಲ, ಅಷ್ಟೇ." ಹೋದರೆ ಕದ್ದ ಜಾಗದಲ್ಲಿ ಆಡಬೇಕು. ಹೋಗದಿದ್ದರೆ ಆ ಜಾಗ ಯಾರಿಗೂ ಇಲ್ಲ. ತಪ್ಪು ಮಾಡುವಾಗ ಯಾರೂ ತಡೆಯದ ನಿಯಮಾವಳಿ ತಿದ್ದಿಕೊಳ್ಳಲು ಬಂದಾಗ ಮಾತ್ರ ಎಲ್ಲ ಬಾಗಿಲು ಹಾಕಿಕೊಂಡರೆ ನಾನು ಎಲ್ಲಿಗೆ ಹೋಗಲಿ? ನನಗೆ ಶಿಕ್ಷೆ ಕೊಡಿ, ನಿಷೇಧಿಸಿ, ಆಯಿತು. ಆದರೆ ಮುನಿಕೃಷ್ಣ ಅವರಿಗೆ ಮುಂದಿನ ವರ್ಷ ಮೂವತ್ತೇಳು. ಈಗಾಗಲೇ ಬಲಗೈ ಮೇಲೆತ್ತುವಾಗ ಅವರು ಮುಖ ಕಿವುಚುತ್ತಾರೆ. ಕ್ರೇಟ್ ಹೊತ್ತ ಹೆಗಲು ಇನ್ನೆಷ್ಟು ವರ್ಷ ಕ್ಯೂ ಕೋಲು ಹಿಡಿದೀತು?

ಕೈಮುಗಿದು ಕೇಳುತ್ತೇನೆ. ಶುಕ್ರವಾರದೊಳಗೆ ಆ ಪಂದ್ಯವನ್ನು ಐದು–ಐದರಿಂದ ಮತ್ತೆ ಆಡಿಸಿ. ಬ್ರೇಕ್ ಅವರಿಗೇ ಕೊಡಿ. ಚೆಂಡುಗಳನ್ನು ಮೂರನೆಯವರು ಜೋಡಿಸಲಿ, ಅವತ್ತಷ್ಟೇ ಅಲ್ಲ, ಇನ್ನು ಮುಂದೆ ಪ್ರತಿ ಟೇಬಲ್‌ನಲ್ಲಿ, ಪ್ರತಿ ಪಂದ್ಯದಲ್ಲಿ. ಜನ ಇಲ್ಲ ಎನ್ನಬೇಡಿ. ಜೋಡಿಸುವುದನ್ನು ಕಲಿಯಲು ಅರ್ಧ ದಿನ ಸಾಕು. ನಮ್ಮಮ್ಮನೂ ಕಲಿತಾಳು. ಆದರೆ ಅವಳು ಬೇಡ, ಅವಳು ನನ್ನ ಕಡೆಯವಳು.

ಅವಳು ನೀವು ಕೊಟ್ಟ ಕಪ್ಪನ್ನು ದಿನವೂ ಸೆರಗಿನಿಂದ ಒರೆಸುತ್ತಾಳೆ. ಈ ಪತ್ರ ಅಚ್ಚಾದ ದಿನ ಡೇರಿಯ ಸಾಲಿನಲ್ಲಿ ಯಾರಾದರೂ ಅವಳಿಗೆ ಓದಿ ಹೇಳುತ್ತಾರೆ. ಅದಕ್ಕೆ ಮೊದಲು ನಾನೇ ಹೇಳಬೇಕು. ಇದನ್ನು ಅಂಚೆಗೆ ಹಾಕಿ ನೇರ ಮನೆಗೆ ಹೋಗುತ್ತಿದ್ದೇನೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಮಾತ್ರ ಗೆದ್ದಿರುವ
ಉದಯಕುಮಾರ್
ವಕ್ಕಲೇರಿ, ಕೋಲಾರ ತಾಲ್ಲೂಕು