ಬೆರಳಿಗೆ ಬೇಕಿದ್ದ ಎಳೆ ಲಾಂಛನಕ್ಕೆ ಹೋಯಿತು

ಸಂಶೋಧನಾ ಆಸ್ಪತ್ರೆಯ ನಿರ್ದೇಶಕರಿಗೆ,

ಮಾನ್ಯರೇ, ಹಾಗೆ ಕರೆಯುವುದು ಪದ್ಧತಿಯಾದ್ದರಿಂದ ಕರೆಯುತ್ತಿದ್ದೇನೆ. ನಿಮ್ಮ ಕೋಣೆಯ ಗೋಡೆಗೆ ಗಾಜು ಹಾಕಿಸಿ ತೂಗುಹಾಕಿರುವ ರೇಷ್ಮೆ ಎಳೆಯ ಆಸ್ಪತ್ರೆ ಲಾಂಛನ ಕಂಡಾಗಲೆಲ್ಲ ನಾನು ಮುಖ ತಿರುಗಿಸುತ್ತೇನೆ. ಆ ಎಳೆ ರೋಗಿಯೊಬ್ಬರ ಸುಟ್ಟ ಕೈಗೆ ಸೇರಬೇಕಿತ್ತು.

ಆರು ವರ್ಷದಿಂದ ಆ ಎಳೆ ಮುದ್ರಿಸುವ ಯಂತ್ರ ನಡೆಸುತ್ತಿರುವವಳು ನಾನು. ರೇಷ್ಮೆಗೂಡು ಕುದಿಸಿ, ಅಂಟು ತೆಗೆದು, ಕರಗಿಸಿ, ಶುದ್ಧ ಮಾಡಲು ನಾಲ್ಕು ದಿನ ಬೇಕು. ಆ ದ್ರಾವಣವನ್ನು ಯಂತ್ರ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಎಳೆಗಳಾಗಿ, ಗೆರೆ ತಪ್ಪದೆ ಮುದ್ರಿಸುತ್ತದೆ. ಆ ಹಾಳೆಯನ್ನು ಗಾಯಕ್ಕೆ ಹೊದಿಸಿದರೆ ಹೊಸ ಚರ್ಮ ಎಳೆಯ ಜಾಡು ಹಿಡಿದು ಬೆಳೆಯುತ್ತದೆ. ಬೆರಳು ಮುದುಡುವುದಿಲ್ಲ.

ಆ ಮಂಗಳವಾರ ಬೆಳಿಗ್ಗೆ ದ್ರಾವಣ ಸಿದ್ಧವಿತ್ತು. ಇಸ್ತ್ರಿಯ ಬಿಸಿಹಬೆಗೆ ಬಲ ಅಂಗೈ ಬೇಯಿಸಿಕೊಂಡ ಹೊಲಿಗೆಯಾಕೆ ಮೂರನೇ ಮಹಡಿಯಲ್ಲಿ ಕಾಯುತ್ತಿದ್ದರು. ನೀವೋ, ಅತಿಥಿಗಳು ಬರುತ್ತಾರೆಂದು ಯಂತ್ರವನ್ನು ಅದರ ಕಲ್ಲಿನ ಮೇಜಿನಿಂದ ಎತ್ತಿಸಿ, ತಳ್ಳುಗಾಡಿಯಲ್ಲಿ ಕೆಳಗಿನ ಸಭಾಂಗಣಕ್ಕೆ ಸಾಗಿಸಿದಿರಿ.

“ಸಾರ್, ಇದನ್ನ ಅಲ್ಲಾಡಿಸೋ ಹಾಗಿಲ್ಲ. ಇವತ್ತು ಪೇಶೆಂಟ್‌ಗೆ ಹಾಳೆ ಕೊಡ್ಬೇಕು,” ಎಂದೆ.

“ಒಂದಿನ ತಡ ಆದ್ರೆ ಬೆರಳೇನು ಉದುರಿ ಹೋಗುತ್ತೇನಮ್ಮ? ನಮ್ಮ ಲಾಂಛನ ಪ್ರಿಂಟ್ ಮಾಡು, ಬಂದೋರು ನೋಡ್ಲಿ,” ಎಂದು ನಕ್ಕಿರಿ.

ಬೆರಳು ಉದುರಲಿಲ್ಲ; ನಿಮ್ಮ ಜ್ಞಾನ ದೊಡ್ಡದು. ದ್ರಾವಣವೆಲ್ಲ ಲಾಂಛನಕ್ಕೇ ಮುಗಿಯಿತು. ಅಲುಗಿದ ಯಂತ್ರದ ಅಳತೆ ಸರಿಪಡಿಸಲು ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನ ಗಾಯ ತೆರೆದಿಡಲಾಗದೆ ವೈದ್ಯರು ತೊಡೆಯ ಚರ್ಮ ತೆಗೆದು ಅಂಗೈಗೆ ಕಸಿ ಮಾಡಿದರು. ವಾಸಿಯಾಗುತ್ತ ಅದು ಕುಗ್ಗಿ ಬಿಗಿದುಕೊಂಡಿತು. ಹೆಬ್ಬೆರಳು, ತೋರುಬೆರಳು ಎರಡೂ ಅಂಗೈಗೆ ಬಾಗಿ ನಿಂತಿವೆ.

ಆ ಹೊಲಿಗೆಯಾಕೆ ನನ್ನ ಸ್ವಂತ ಅತ್ತಿಗೆ. ಅಂದು ನಾನದನ್ನು ಹೇಳಲಿಲ್ಲ. ಎಲ್ಲ ರೋಗಿಗಳೂ ಸಮಾನರೆಂದು ಪ್ರತಿ ಭಾಷಣದಲ್ಲೂ ಹೇಳುವವರು ನೀವೇ ಅಲ್ಲವೇ? ತಡವಾಗಿ ವಿಷಯ ತಿಳಿದಾಗ ನೀವು ಹೇಳಿದ್ದೇನು?

“ಅಯ್ಯೋ, ನಮ್ಮೋರು ಅಂತ ಒಂದು ಮಾತು ಹೇಳ್ಬಾರ್ದಿತ್ತಾ? ಕಾರ್ಯಕ್ರಮ ಬೇರೆ ದಿನ ಇಟ್ಕೋತಿದ್ವಲ್ಲ!”

ನನಗೆ ಹೇಸಿಗೆ ಹುಟ್ಟಿಸಿದ್ದು ಈ ಮಾತು. ಹಾಗಾದರೆ ಯಾರಿಗೂ ಏನೂ ಆಗಬೇಕಿಲ್ಲದ ಹೆಂಗಸಿನ ಬೆರಳು ಮುದುಡಿದರೆ ನಡೆಯುತ್ತದೆಯೇ?

ಅತ್ತಿಗೆ ಈಗ ಎಡಗೈಯಲ್ಲಿ ಕತ್ತರಿ ಹಿಡಿಯುವುದನ್ನು ಕಲಿಯುತ್ತಿದ್ದಾರೆ. ಮೊನ್ನೆ ಬಟ್ಟೆ ಸೊಟ್ಟಗೆ ಕತ್ತರಿಸಿ, “ನೋಡೇ, ಒಂದನೇ ಕ್ಲಾಸಿನ ಮಗು ಥರ ಆಗಿದೀನಿ,” ಎಂದು ನಕ್ಕರು. ನಗು ಮುಗಿಯುವ ಮೊದಲೇ ಎದ್ದು ಒಳಗೆ ಹೋದರು. ನಿಮ್ಮ ವಾರ್ಷಿಕ ವರದಿಯಲ್ಲಿ ಆ ಮಂಗಳವಾರದ ಹೆಸರು “ಯಶಸ್ವಿ ಪ್ರಾತ್ಯಕ್ಷಿಕೆ”!

ಯಂತ್ರ ಹನ್ನೊಂದು ದಿನ ಏಕೆ ನಿಂತಿತು, ಅದರಿಂದ ಯಾರಿಗೆ ಏನಾಯಿತು ಎಂಬುದನ್ನು ಅದೇ ವರದಿಯಲ್ಲಿ ಬರೆಯಿರಿ. ರೋಗಿ ಕಾಯುತ್ತಿರುವಾಗ ಯಂತ್ರ ಕೋಣೆ ಬಿಟ್ಟು ಕದಲಬಾರದೆಂದು ಲಿಖಿತ ಆದೇಶ ಹೊರಡಿಸಿ. ಆಮೇಲೆ ನಮ್ಮ ಮನೆಗೆ ಬಂದು ಅತ್ತಿಗೆಯ ಎದುರು ಕೂತು ಕ್ಷಮೆ ಕೇಳಿ. ಹೂಗುಚ್ಛ ತರಬೇಡಿ. ಬಲಗೈಯಲ್ಲಿ ಅವರು ಅದನ್ನು ಹಿಡಿಯಲಾರರು.

ಇಂತಿ,
ಒಮ್ಮೆ ಬೇಡವೆಂದು ಹೇಳಿ, ನೀವು ನಕ್ಕೊಡನೆ ಯಂತ್ರದ ಗುಂಡಿ ಒತ್ತಿದವಳು