ದಿನಕ್ಕೆ ನಾಲ್ಕು ಪುಟ

೧೮ ಜನವರಿ ೧೯೮೨, ಸೋಮವಾರ

ಇವತ್ತೂ ನಾಲ್ಕೇ ಪುಟ. ಮೂರನೆಯದರಲ್ಲಿ ಒಬ್ಬನ ಹೆಸರು ಬಂತು, ಅರ್ಧ ಸಾಲಿನಷ್ಟು ಉದ್ದ. ಅಕ್ಷರ ಅಕ್ಷರ ಬಿಡಿಸಿ ಹೇಳುವಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕಿತು. ಓಡಿದೆ. ವಾಪಸ್ ಬಂದರೆ ಮಾವ ಗೋಡೆಗೆ ಒರಗಿಕೊಂಡು, "ಹಾಲು ಹೋದ್ರೆ ಹೋಯ್ತು ಬುಡಮ್ಮ, ಅವನು ಗಾಡಿ ಇಳಿದ್ನೋ ಇಲ್ವೋ ಅದು ಹೇಳು" ಅಂತಾರೆ.

ಊಟದ ಮೇಲೆ ಎರಡೂವರೆಯಿಂದ ಮೂರೂವರೆ. ಪಾತ್ರೆ ಹಾಗೇ ಬಿದ್ದಿರುತ್ತವೆ. ನಾನು ಇಂಗ್ಲಿಷಿನಲ್ಲಿ ಓದುವುದು, ಪ್ಯಾರಾ ಮುಗಿದಾಗ ಮಾವ ಅದನ್ನು ಕನ್ನಡದಲ್ಲಿ ಹೇಳುವುದು. ನನಗೆ ಕಣ್ಣಿದೆ, ಇಂಗ್ಲಿಷ್ ಸಾಲದು. ಮಾವನಿಗೆ ಇಂಗ್ಲಿಷ್ ಇದೆ — ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಅದನ್ನೇ ಪಾಠ ಮಾಡಿದವರು — ಕಣ್ಣು ಹೋಗಿ ಮೂರು ವರ್ಷ. ನರವೇ ಒಣಗಿದೆ, ಆಪರೇಷನ್ನಿಗೂ ಬರುವುದಿಲ್ಲ ಅಂದುಬಿಟ್ಟರು ಡಾಕ್ಟರು.

ಪುಸ್ತಕ ರಷ್ಯಾದ್ದು. ತಿಪಟೂರಿಗೆ ಪುಸ್ತಕದ ವ್ಯಾನು ಬಂದಾಗ ಕೊಂಡಿದ್ದಂತೆ, ಪುರುಸೊತ್ತಾದಾಗ ಓದೋಣ ಅಂತ. ಎರಡು ಸಂಪುಟ, ಸಾವಿರದ ನಾನೂರು ಚಿಲ್ಲರೆ ಪುಟ. ಅದನ್ನು ನೋಡಿಯೇ ಕಣ್ಣು ಹೋಗಿದ್ದು ಎಂದು ಇವರು ತಮಾಷೆ ಮಾಡುತ್ತಾರೆ. ಅಪ್ಪನ ಎದುರಿಗೇ.

೩೧ ಜನವರಿ

ಅಟ್ಟಕ್ಕೆ ಕಾಯಿ ಏರಿಸಿದರು. ಹನುಮಂತಯ್ಯ ಮತ್ತು ಇನ್ನಿಬ್ಬರು ಆಳು. ಇನ್ನು ಅವು ಅಲ್ಲೇ, ಒಲೆಯ ಹೊಗೆ ಕುಡಿಯುತ್ತಾ, ಒಳಗಿನ ನೀರು ಇಂಗಿ ಕೊಬ್ಬರಿಯಾಗುವವರೆಗೆ.

ಮಾವ ಕೆಳಗೆ ಕೂತು ಸದ್ದು ಕೇಳುತ್ತಿದ್ದರು. "ಆ ಕಾಯಿ ಕೊಬ್ಬರಿ ಆಗೋ ಹೊತ್ಗೆ ಪುಸ್ತಕ ಮುಗಿಸ್ಬೇಕು ಕಣಮ್ಮ ಮಂಗಳ. ಮುಗಿಸು, ನಾನೇ ಫಾರಂ ತರಿಸ್ಕೊಡ್ತೀನಿ. ಮನೇಲೇ ಓದಿ ಬಿ.ಎ. ಕಟ್ಟು."

ಇವರು ನಕ್ಕರು. "ಈ ವಯಸ್ಸಲ್ಲಿ ಏನಪ್ಪಾ ಬಿ.ಎ.?"

"ಮೂವತ್ತು ಒಂದ್ ವಯಸ್ಸೇನ್ಲಾ ಮರುಳಪ್ಪ? ನಿನ್ ಕೈಲಂತೂ ಆಗ್ಲಿಲ್ಲ, ಅವಳಾದ್ರೂ ಕಟ್ಲಿ ಬುಡು."

ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಮಾವ ಒಬ್ಬರೇ. ಇವರಿಗೆ ನಾನು 'ಲೇ'. ಆಳುಗಳಿಗೆ 'ಅಮ್ಮಾರು'. ಮಕ್ಕಳಾಗಲಿಲ್ಲ, ಆ ಕರೆಯೂ ಇಲ್ಲ. ರಾತ್ರಿ ಮಲಗುವಾಗ ಬಿ.ಎ. ಎಂದು ಒಂದು ಸಲ ಬಾಯಿಬಿಟ್ಟೇ ಹೇಳಿಕೊಂಡೆ. ನಾಚಿಕೆಯಾಯಿತು.

೨೦ ಫೆಬ್ರವರಿ

ರಷ್ಯಾದವರ ಜೊತೆ ಏಗಲಾಗುವುದಿಲ್ಲ. ಒಬ್ಬೊಬ್ಬರಿಗೆ ಮೂರು ಹೆಸರು. ಯಾರು ಸತ್ತರು, ಯಾರು ಮದುವೆಯಾದರು ಗೊತ್ತಾಗದೆ ಇಬ್ಬರೂ ಕಂಗಾಲು. ಕೊನೆಗೆ ನಾವೇ ನಾಮಕರಣ ಮಾಡಿದೆವು. ಯುದ್ಧಕ್ಕೆ ಹೋದವನು ದಫೇದಾರ. ಸಾಲ ಮಾಡಿ ಔತಣ ಹಾಕುವ ಮುದುಕ ಕಿಬ್ಬನಹಳ್ಳಿ ಸಾಹುಕಾರ. ಕಿಟಕಿಯಲ್ಲಿ ನಿಂತು ಕಾಯುವ ಹುಡುಗಿ ಚಿಕ್ಕಗೌರಿ — ಇದು ಮಾವ ಇಟ್ಟಿದ್ದು. ಈಗ ಕಥೆ ಸಲೀಸು. ಹಿಮ ಬೀಳುವುದೊಂದು ಬಿಟ್ಟರೆ ಎಲ್ಲ ಇಲ್ಲೇ ಅರಳಗುಪ್ಪೆಯಲ್ಲೇ ನಡೆದ ಹಾಗಿದೆ.

೧೧ ಏಪ್ರಿಲ್

೩೨೪ನೇ ಪುಟ. ಇವತ್ತೊಂದು ನಡೆಯಿತು, ಬರೆದಿಡಬೇಕು. ಸಾಹುಕಾರ ಮಗಳ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಹೋಗದೆ ಹಿಂದಿರುಗುತ್ತಾನೆ. ಓದುತ್ತಿದ್ದ ಹಾಗೇ ಅಯ್ಯೋ ಎನ್ನಿಸಿತು. ಆಮೇಲೆ ಹೊಳೆಯಿತು, ಮಾವ ಇನ್ನೂ ಅರ್ಥವನ್ನೇ ಹೇಳಿಲ್ಲ!

ಹೇಳಿದೆ. ಮಾವ "ಇನ್ನು ನನ್ನ ಕೆಲಸ ಕಮ್ಮಿ ಆಯ್ತು" ಅಂದರು. ಖುಷಿಯಾಗಿತ್ತು ಅವರಿಗೆ. ನಾನು ಸಂಜೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ ಒಬ್ಬಳೇ ನಕ್ಕೆ.

೯ ಜೂನ್

ಮದುವೆಯಾಗಿ ಹನ್ನೆರಡು ವರ್ಷ. ಇವರಿಗೆ ನೆನಪಿರಲಿಲ್ಲ, ನಾನೂ ಹೇಳಲಿಲ್ಲ.

ಪಿಯುಸಿ ಫಸ್ಟ್ ಕ್ಲಾಸ್ ನಾನು. ತುಮಕೂರಿನ ಕಾಲೇಜಿಗೆ ಅರ್ಜಿ ಹಾಕಿದ್ದೆ. ಓದಿಸುವುದಾದರೆ ಮಾತ್ರ ಮಗಳನ್ನು ಕೊಡುತ್ತೇನೆ ಅಂದಿದ್ದರು ನಮ್ಮಪ್ಪ, ತುರುವೇಕೆರೆಯಲ್ಲಿ, ಎಲ್ಲರೆದುರು. ಮಾವ ಒಪ್ಪಿದ್ದರು. ಅದಕ್ಕೇ ಅರ್ಜಿಗೆ ಈ ಮನೆಯ ವಿಳಾಸವನ್ನೇ ಕೊಟ್ಟಿದ್ದು, ಕೇರಾಫ್ ಪರಮಶಿವಯ್ಯ. ಜೂನ್ ಹೋಯಿತು, ಜುಲೈ ಹೋಯಿತು. ಸೀಟು ಬರಲಿಲ್ಲ. ಅಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಹದಿನಾಲ್ಕು ತಿಂಗಳು ಅವರ ಸೇವೆ. ಆಮೇಲೆ ಯಾರೂ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಸೀಟು ಬರದಿದ್ದರೆ ಯಾರ ಮೇಲೆ ಸಿಟ್ಟು ಮಾಡುವುದು?

೧೬ ಜುಲೈ

ಎರಡನೇ ಸಂಪುಟ ಶುರು. ಮಾವ ಕೇಳಿದರು, "ದಫೇದಾರ ಯುದ್ಧಕ್ಕೆ ಹೊರಟ್ನಾ?" ಅವನು ಹೊರಟಿದ್ದು ಫೆಬ್ರವರಿಯಲ್ಲಿ. ಗಾಯವಾಗಿ, ವಾಪಸ್ ಬಂದು, ಮತ್ತೆ ಹೋಗಿದ್ದೂ ಆಯಿತು. ಹೇಳಿದೆ. "ಹೌದಲ್ವಾ" ಅಂದರು. ಮುಖ ಸಣ್ಣದಾಯಿತು.

ಎಪ್ಪತ್ತೆರಡು ವರ್ಷ. ಮರೆವು ಇರುತ್ತದೆ.

೨೭ ಆಗಸ್ಟ್

ತುಂಬ ದಿನ ಬರೆದಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂದು.

ನಿನ್ನೆ ಮಾವ ಕಾಣಲಿಲ್ಲ. ಹುಡುಕಿದರೆ ಬಸ್ ನಿಲ್ಲುವ ಕಡೆ, ಕೋಲೂರಿಕೊಂಡು. ದಫೇದಾರ ಬರುವ ಬಸ್ಸಿಗೆ ಕಾಯುತ್ತಿದ್ದರಂತೆ. ಜನ ನಗುತ್ತಿದ್ದರು. ಇವರು ಕೈ ಹಿಡಿದು ಕರೆತಂದರು. ಆಮೇಲೆ ಅಡುಗೆಮನೆಗೆ ಬಂದು, "ನೋಡ್ದೇನೇ ನಿನ್ ರಷ್ಯಾ ಮಾಡಿದ್ ಕೆಲ್ಸನ?" ಅಂದರು.

ಎರಡೂವರೆಗೆ ಮಾವ ಕರೆದರು. ಹೋಗಿ ಓದಿದೆ.

೧೫ ಸೆಪ್ಟೆಂಬರ್

೯೮೧ನೇ ಪುಟ. ಕುದುರೆ ಮಾರುವ ಸಂತೆಯ ವಿಷಯ. ಹಲ್ಲು ಎಣಿಸುವುದು, ಬೆಲೆಗೆ ಜಗ್ಗಾಡುವುದು. ಓದಿ ನಿಲ್ಲಿಸಿದೆ. ಮಾವ ಹೇಳತೊಡಗಿದರು: ಒಬ್ಬ ಮೇಷ್ಟ್ರು ಮಗನಿಗೆ ಹೆಣ್ಣು ನೋಡಲು ಹೋದ. ಹೆಣ್ಣಿನ ಅಪ್ಪ ಮಾರ್ಕ್ಸ್ ಕಾರ್ಡ್ ತಂದು ಮುಂದಿಟ್ಟ...

ಪುಸ್ತಕದಲ್ಲಿ ಮೇಷ್ಟ್ರೇ ಇಲ್ಲ.

ಇಲ್ಲ ಅನ್ನಲು ಬಾಯಿ ಬರಲಿಲ್ಲ. "ಆಮೇಲೆ ಮಾವ?" ಅಂದೆ. "ಆಮೇಲೇನಮ್ಮ, ಒಪ್ಕೊಂಡು ಬಂದ. ಮುಂದಕ್ಕೆ ಓದು."

೩ ಅಕ್ಟೋಬರ್

ಈಗ ದಿನಾ ಹೀಗೇ. ನಾನು ಓದುವುದು ಒಂದು, ಮಾವ ಹೇಳುವುದು ಇನ್ನೊಂದು. ಪುಟದಲ್ಲಿರುವುದು ನನಗೆ ತಾನಾಗೇ ತಿಳಿಯುತ್ತದೆ, ಹತ್ತಕ್ಕೆ ಒಂಬತ್ತು ಪದ. ಅವರು ಕಲಿಸಿದ ಇಂಗ್ಲಿಷಿನಿಂದಲೇ ಅವರು ತಪ್ಪುವುದನ್ನು ಹಿಡಿಯುತ್ತಿದ್ದೇನೆ.

ಫಾರಂ ಬಂತು. ಮಾವನ ಹಳೇ ಶಿಷ್ಯ ರೇವಣಸಿದ್ದಯ್ಯ ತಿಪಟೂರಿನಿಂದ ತಂದುಕೊಟ್ಟರು. ಜ್ಞಾನ ಚೆನ್ನಾಗಿದ್ದಾಗ ಮಾವನೇ ಕಾಗದ ಬರೆಸಿದ್ದಂತೆ. ನವೆಂಬರ್ ೩೦ ಕೊನೆ ದಿನ. ನಾನೇ ತುಮಕೂರಿಗೆ ಹೋಗಿ ಕೊಡಬೇಕು, ಆಮೇಲೆ ವಾರಕ್ಕೊಂದು ದಿನ ಕ್ಲಾಸು. ಮಡಿಸಿ ಪುಸ್ತಕದೊಳಗೆ ಗುರುತಿಗೆ ಇಟ್ಟಿದ್ದೇನೆ. ದಿನಾ ನಾಲ್ಕು ಪುಟ ಮುಂದಕ್ಕೆ ಹೋಗುತ್ತಿದೆ.

೬ ನವೆಂಬರ್, ಶನಿವಾರ

ಅಂಗಳ ತೊಳೆದು ಈಗಷ್ಟೇ ಕೂತೆ.

ಅಟ್ಟದಿಂದ ಅರ್ಧ ಕಾಯಿ ಇಳಿಸಿದ್ದರು. ಅಲ್ಲಾಡಿಸಿ ಸದ್ದು ಕೇಳಿ ಬೇರೆ ಮಾಡುವುದು ಮಾವನ ಕೆಲಸ, ಯಾವತ್ತಿನಿಂದಲೂ. ಒಳಗೆ ಲೊಡಲೊಡ ಅಂದರೆ ಕೊಬ್ಬರಿ, ಎಡಕ್ಕೆ. ನೀರು ಗುಳಗುಳ ಅಂದರೆ ಇನ್ನೂ ಹಸಿ, ಬಲಕ್ಕೆ, ಮತ್ತೆ ಅಟ್ಟಕ್ಕೆ. ಕಣ್ಣು ಹೋದ ಮೇಲೂ ಒಂದು ಕಾಯಿ ತಪ್ಪಿರಲಿಲ್ಲ. ಅದಕ್ಕೇ ಯಾರೂ ಅವರ ಹಿಂದೆ ನಿಂತು ನೋಡುವುದಿಲ್ಲ. ಇವರು ನಂಬಿಕೆಯಿಂದ ತಿಪಟೂರಿನ ಮಂಡಿಗೆ ಹೋದರು.

ಹನುಮಂತಯ್ಯ ಎಡಗಡೆ ರಾಶಿ ಸುಲಿದು ಒಡೆಯುತ್ತಾ ಬಂದ. ಮೊದಲು ಸರಿಯಾಗೇ ಇತ್ತು. ಮಧ್ಯಾಹ್ನ ಕೂಗಿದ, "ಅಮ್ಮಾರೇ, ಇವುಗಳೊಳ್ಗೆಲ್ಲಾ ನೀರೈತೆ ಕಣ್ರೀ!" ಹೋಗಿ ನೋಡಿದರೆ ಅಂಗಳದ ತುಂಬ ಒಡೆದ ಹಸಿ ಕಾಯಿ. ತಿರುಳು ಚಿಪ್ಪಿಗೆ ಅಂಟಿಕೊಂಡಿದೆ. ಇನ್ನು ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ಎಡ ಯಾವುದಕ್ಕೆ, ಬಲ ಯಾವುದಕ್ಕೆ ಎನ್ನುವುದು ಮಾವನಿಗೆ ನಡುವೆ ಎಲ್ಲೋ ಮರೆತುಹೋಗಿದೆ. ಕಿವಿ ತಪ್ಪಿಲ್ಲ. ಪ್ರತಿ ಕಾಯಿಯನ್ನೂ ಸರಿಯಾಗಿಯೇ ಕೇಳಿ ತಪ್ಪು ಕಡೆಗೆ ಇಟ್ಟಿದ್ದಾರೆ.

ಸುದ್ದಿ ತಿಳಿದು ಮಾವ ಒಂದು ಹೋಳು ತೆಗೆದು ಮೂಸಿದರು. ಪಂಚೆಯ ಅಂಚಿನಿಂದ ಕೈ ಒರೆಸಿಕೊಂಡೇ ಒರೆಸಿಕೊಂಡರು.

೯ ನವೆಂಬರ್

ಫಾರಂ ತೋರಿಸಿದೆ. ಇವರು ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

"ನೀನೇ ಹೇಳು. ನೀನು ತುಮಕೂರಿಗೆ ಹೋದ್ರೆ ಅಪ್ಪನ್ನ ನೋಡ್ಕೊಳ್ಳೋರು ಯಾರು? ಮೊನ್ನೆ ಬಾವಿ ಕಟ್ಟೆ ಹತ್ರ ಹೋಗಿದ್ರು."

ನಿಜ. ಅದೇ ಕಷ್ಟ, ನಿಜ. ಫಾರಂ ಮತ್ತೆ ಪುಸ್ತಕದೊಳಕ್ಕೆ ಇಟ್ಟೆ.

೨೦ ನವೆಂಬರ್

೧೨೩೮ನೇ ಪುಟ. ಹಿಮದಲ್ಲಿ ಸೈನ್ಯ ಹಿಂದಿರುಗುತ್ತಿದೆ. ಓದಿ ನಿಲ್ಲಿಸಿದೆ. ಮಾವ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

"ಮದ್ವೆ ಆಗಿ ತಿಂಗಳಿಗೆ ಮೇಷ್ಟ್ರ ಕೈಗೆ ಒಂದು ಕವರು ಬಂತು. ಸೊಸೆಗೆ ಕಾಲೇಜಲ್ಲಿ ಸೀಟು ಸಿಕ್ಕದೆ. ಮೇಷ್ಟ್ರ ಹೆಂಡ್ತಿ ಹಾಸಿಗೆ ಹಿಡಿದವಳೆ. ಇವಳು ಹೋದ್ರೆ ಗಂಜಿ ಕಾಯಿಸೋರು ಯಾರು? ಮುಂದಿನ್ ವರ್ಷ ಕಳ್ಸಿದ್ರಾಯ್ತು ಅಂತ ಕವರನ್ನ ಅಟ್ಟದಲ್ಲಿ ತೊಲೆ ಸಂದಿಗೆ ಸಿಗಿಸ್ದ. ಆ ಹುಡ್ಗಿ ದಿನಾ ಟಪಾಲಿನವನ ದಾರಿ ನೋಡೋಳು. ನಮ್ಮ ಚಿಕ್ಕಗೌರಿ ಥರಾನೇ, ಕಿಟಕೀಲಿ ನಿಂತ್ಕೊಂಡು..."

ಪುಸ್ತಕ ನನ್ನ ತೊಡೆ ಮೇಲಿತ್ತು. ಎತ್ತಲು ಆಗಲಿಲ್ಲ.

"ಯಾಕಮ್ಮ ನಿಲ್ಲಿಸ್ಬುಟ್ಟೆ? ಓದು."

೨೧ ನವೆಂಬರ್, ಬೆಳಿಗ್ಗೆ ೧೧

ಇವರು ತೋಟಕ್ಕೆ ಹೋದ ಮೇಲೆ ಏಣಿ ಹಾಕಿ ಹತ್ತಿದೆ. ಅರ್ಧ ಅಟ್ಟ ಖಾಲಿ. ಮೂರನೇ ತೊಲೆ, ಗೋಡೆಗೆ ಸೇರುವ ಕಡೆ, ಕೈ ತೂರುವಷ್ಟು ಸಂದು. ಕವರು ಅಲ್ಲೇ ಇತ್ತು.

ಹೊಗೆಗೆ ಕಂದಾಗಿದೆ, ಆದರೆ ಗೆದ್ದಲು ಮುಟ್ಟಿಲ್ಲ. ಕಾಲೇಜಿನ ಸೀಲು. ನನ್ನ ಹೆಸರು, ಕೇರಾಫ್ ಪರಮಶಿವಯ್ಯ. ಅಟ್ಟದ ಮೇಲೆಯೇ ಕೂತು ಓದಿದೆ. ಬಿ.ಎ. ಮೊದಲ ವರ್ಷಕ್ಕೆ ಆಯ್ಕೆಯಾಗಿದ್ದೀರಿ, ತಿಳಿಸಲು ಸಂತೋಷವಾಗುತ್ತದೆ, ಹಾಸ್ಟೆಲಿನಲ್ಲೂ ಸ್ಥಳ ಇದೆ, ಜುಲೈ ೧೫, ೧೯೭೦ರ ಒಳಗೆ ಹಾಜರಾಗತಕ್ಕದ್ದು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಒಂದು ಪದಕ್ಕೂ ಮಾವನನ್ನು ಕೇಳಬೇಕಾಗಲಿಲ್ಲ.

ಅಲ್ಲೇ ಅತ್ತುಬಿಟ್ಟೆ. ಸೆರಗು ಬಾಯಿಗೆ ತುರುಕಿಕೊಂಡು. ಕೆಳಗಿನಿಂದ ಮಾವ ಕೇಳುತ್ತಿದ್ದರು, "ಯಾರದು ಅಟ್ಟದ ಮೇಲೆ? ಕಾಯಿ ಒಣಗಿದ್ವಾ?"

ಮಧ್ಯಾಹ್ನ ಓದಲಿಲ್ಲ.

೩೦ ನವೆಂಬರ್

ಫಾರಂ ಕೊನೆ ದಿನ. ಮಾವನಿಗೆ ಸ್ನಾನ ಮಾಡಿಸಿದರು ಇವರು. ನಾನು ಗಂಜಿ ಕುಡಿಸಿದೆ.

೧೯ ಡಿಸೆಂಬರ್

ನಾಲ್ಕು ವಾರ ಪುಸ್ತಕ ಮುಟ್ಟಿರಲಿಲ್ಲ. ಮಾತೂ ಅಷ್ಟಕ್ಕಷ್ಟೇ. ಕಾಗದವನ್ನು ಮಾವನ ಮುಖಕ್ಕೆ ಹಿಡಿದು ಕೇಳಬೇಕು ಎಂದು ದಿನಾ ಅಂದುಕೊಳ್ಳುವುದು. ಹಿಡಿದರೆ ಅವರಿಗೆ ಕಾಣುವುದಿಲ್ಲ. ಓದಿ ಹೇಳಿದರೆ ಕಥೆ ಅಂದುಕೊಳ್ಳುತ್ತಾರೆ. ಹನ್ನೆರಡು ವರ್ಷದ ಸಿಟ್ಟು ಈಗ ಬಂದಿದೆ, ತೋರಿಸೋಣವೆಂದರೆ ಆ ಮನುಷ್ಯನೇ ಇಲ್ಲ.

ಇವತ್ತು ಎರಡೂವರೆಗೆ ಅವರೇ ಗೋಡೆ ಹಿಡಿದುಕೊಂಡು ಬಂದು ಚಾಪೆ ಮೇಲೆ ಕೂತರು. ಕಾದರು. ನಾಲ್ಕಾಯಿತು, ಏಳಲಿಲ್ಲ. ನೋಡಲಾಗದೆ ಪುಸ್ತಕ ತೆಗೆದೆ. ಎರಡು ಪುಟ ಓದಿದೆ, ತಡವರಿಸದೆ. ತಲೆ ವಾಲಿಸಿಕೊಂಡು ಕೇಳಿದರು.

"ನೀನು ಯಾರ ಮಗಳಮ್ಮ? ಎಷ್ಟು ಚೆನ್ನಾಗಿ ಓದ್ತೀಯ! ನಿಮ್ಮನೇಲಿ ನಿನ್ನ ಇನ್ನೂ ಮುಂದಕ್ಕೆ ಓದಿಸ್ಬೇಕಿತ್ತು."

ತುರುವೇಕೆರೆ ಸದಾಶಿವಯ್ಯನ ಮಗಳು ಅಂದೆ.

"ಒಳ್ಳೇ ಮನುಷ್ಯ" ಅಂದರು.

೨೮ ಡಿಸೆಂಬರ್, ಮಧ್ಯಾಹ್ನ

ಇನ್ನು ನೂರ ಎಪ್ಪತ್ತು ಪುಟ ಉಳಿದಿದೆ. ಅಟ್ಟದ ಕಾಯಿಯನ್ನೆಲ್ಲ ಇಳಿಸಿ ಆಯಿತು. ಈ ಸಲ ಇವರೇ ಅಲ್ಲಾಡಿಸಿ ನೋಡಿದರು. ಫಾರಂ ಇನ್ನೂ ಗುರುತಿಗೆ ಪುಸ್ತಕದಲ್ಲೇ ಇದೆ. ಈಗ ಅದರ ಜೊತೆ ಕಂದು ಕವರೂ.

ಮಾವನಿಗೆ ಎರಡು ದಿನದಿಂದ ಅನ್ನ ಸೇರುತ್ತಿಲ್ಲ. ಮಲಗಿದಲ್ಲಿಂದಲೇ ಕೈ ಆಡಿಸಿದರು. ಹೋಗಿ ಕೂತೆ.

"ಆ ಮೇಷ್ಟ್ರು ಏನಾದ?"

"ಯಾವ ಮೇಷ್ಟ್ರು ಮಾವ?"

"ಕವರು ಬಚ್ಚಿಟ್ಟವನು. ಆ ಹುಡ್ಗಿಗೆ ಗೊತ್ತಾಯ್ತಾ?"

ಗೊತ್ತಾಯಿತು ಅಂದೆ.

ಮುಖ ಕಿವುಚಿಕೊಂಡರು. ನನ್ನ ಮಣಿಕಟ್ಟು ಹಿಡಿದರು. ಆ ಕೈಯಲ್ಲಿ ಇನ್ನೂ ಇಷ್ಟು ಬಲವಿದೆಯೆಂದು ಗೊತ್ತಿರಲಿಲ್ಲ. "ಏನಂದ್ಲು ಅವಳು? ಅಲ್ಲಿ ಬರ್ದಿರ್ತದೆ, ನೋಡು. ಓದಮ್ಮ."

ಪುಸ್ತಕ ತೆಗೆದೆ. ಆ ಪುಟದಲ್ಲಿ ಸುಟ್ಟ ಊರಿಗೆ ಜನ ವಾಪಸ್ ಬರುತ್ತಿದ್ದರು. ಅದರ ಮೇಲೆ ಕಣ್ಣಿಟ್ಟುಕೊಂಡೇ, ಓದುವ ದನಿಯಲ್ಲೇ ಹೇಳಿದೆ — ಹುಡುಗಿ ಒಳಗೆ ಬಂದಳು. ಮೇಷ್ಟ್ರು ಮಲಗಿದ್ದ. ಅವಳ ಕೈಯಲ್ಲಿ ಕವರು ಇತ್ತು. ಅವಳು ಅವನ ಹತ್ತಿರ ಕೂತು, ಕಾಗದ ಬಿಚ್ಚಿ, ಮೊದಲಿನಿಂದ ಕೊನೆಯವರೆಗೆ ಅವನಿಗೇ ಓದಿ ಹೇಳಿದಳು.