ಬೊಳ್ಳಿಯ ಒಸಡು

ಲಾಯಿಲ
18-11-2006

ಪ್ರೀತಿಯ ರಮ್ಯಶ್ರೀ,

ಮೊದಲು ಒಳ್ಳೆಯ ಸುದ್ದಿ ಕೇಳು, ಬೈಗುಳ ಆಮೇಲೆ. ನಿನ್ನ ಬೊಳ್ಳಿ ಇವತ್ತು ಬೆಳಿಗ್ಗೆ ಎರಡು ಬೂತಾಯಿ ಮೀನು ತಿಂದು ನನ್ನ ಕೈ ಪರಚಿದಳು. ಆ ಗಾಯ ನೋಡಿ ನನಗೆ ಹಬ್ಬದ ಖುಷಿ. ಫೋನಿನಲ್ಲಿ ಹೇಳಿದ್ದರೆ ನೀನು ಅರ್ಧ ಕೇಳಿ ಅಳುತ್ತಿದ್ದೆ, ಅದಕ್ಕೇ ಕಾಗದ.

ಮೂಡುಬಿದಿರೆಯಲ್ಲಿ ಹಾಸ್ಟೆಲ್ ವಾರ್ಡನ್ ಕೆಲಸ ಸಿಕ್ಕಿತೆಂದು ಬೆಕ್ಕನ್ನು ನನ್ನ ಮಡಿಲಿಗೆ ಹಾಕಿ ಹೋದೆಯಲ್ಲ, ಎರಡು ತಿಂಗಳು ಚೆನ್ನಾಗಿಯೇ ಇದ್ದಳು. ಕಳೆದ ವಾರ ಅಟ್ಟ ಹತ್ತುವುದನ್ನು ಬಿಟ್ಟಳು, ಒಲೆಯ ಬದಿಯ ಮಣ್ಣು ನೆಕ್ಕತೊಡಗಿದಳು. ಬಾಯಿ ಬಿಡಿಸಿ ನೋಡಿದರೆ ಒಸಡು ಸುಣ್ಣದಷ್ಟು ಬಿಳಿ. ರಕ್ತ ಕಮ್ಮಿ ಎಂದು ನಮಗೂ ತಿಳಿಯಿತು. ನಮ್ಮಲ್ಲಿ ಬಾಣಂತಿಗೆ ರಕ್ತ ಆಗಲು ಆಡಿನ ಲಿವರನ್ನು ಸಣ್ಣ ನೀರುಳ್ಳಿ ಹಾಕಿ ಹುರಿದು ಕೊಡುವುದುಂಟು. ಉಮ್ಮ ಬೊಳ್ಳಿಗೂ ಮೂರು ದಿನ ಅದನ್ನೇ ತಿನ್ನಿಸಿದರು. ನಾಲ್ಕನೆಯ ದಿನ ಅವಳ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು, ಏದುಸಿರು ಹತ್ತಿತು.

ಬುಟ್ಟಿಯಲ್ಲಿಟ್ಟುಕೊಂಡು ನಾನೂ ಉಮ್ಮನೂ ಬಂಟ್ವಾಳದ ಬಸ್ಸು ಹತ್ತಿದೆವು. ಅಲ್ಲಿಯ ಡಾಕ್ಟರಮ್ಮ ರಕ್ತ ಪರೀಕ್ಷಿಸಿ, ಇದು ಬೆಕ್ಕುಗಳ ಲ್ಯುಕೇಮಿಯಾ ವೈರಸ್, ಎಲುಬಿನೊಳಗೆ ರಕ್ತ ಹುಟ್ಟುವುದನ್ನೇ ತಡೆಯುತ್ತದೆ ಎಂದರು. ಲಿವರಿನ ಸಂಗತಿ ಕೇಳಿದ್ದೇ ಉಮ್ಮನ ಮೇಲೆ ಸಿಟ್ಟಾದರು. ನೀರುಳ್ಳಿ ಬೆಕ್ಕಿಗೆ ವಿಷ ಅಮ್ಮಾ, ಇದ್ದ ರಕ್ತವನ್ನೂ ಒಡೆದು ಹಾಕ್ತದೆ ಎಂದರು. ಬೇರೆ ಬೆಕ್ಕಿನ ರಕ್ತ ಕೊಡದಿದ್ದರೆ ನಾಳೆಯವರೆಗೆ ಉಳಿಯುವುದು ಕಷ್ಟವಂತೆ.

ನನಗೆ ಥಟ್ಟನೆ ನೆನಪಾದದ್ದು ಮಡಂತ್ಯಾರಿನ ಮೀನಂಗಡಿಯ ಗಡವ ಬೆಕ್ಕು. ಫೋನ್ ಮಾಡಿದೆ. ಅಂಗಡಿಯ ತುಕ್ರಪ್ಪಣ್ಣ ವ್ಯಾಪಾರ ಬಿಟ್ಟು, ಅವನನ್ನು ಮೀನಿನ ಬುಟ್ಟಿಯಲ್ಲಿ ಮುಚ್ಚಿ, ರಿಕ್ಷಾದಲ್ಲಿ ಬಂದೇಬಿಟ್ಟರು. ಅವನಿಗೆ ರೋಗವಿರಲಿಲ್ಲ, ರಕ್ತವೂ ಹೊಂದಿತು. ಅದು ಹನಿಹನಿಯಾಗಿ ಇಳಿಯುವಾಗ ಉಮ್ಮ ದುಆ ಮಾಡಿದರು, ತುಕ್ರಪ್ಪಣ್ಣ ದೈವಕ್ಕೆ ಹರಕೆ ಹೇಳಿದರು. ಸಂಜೆಗೆ ಒಸಡು ತುಸು ಗುಲಾಬಿಯಾಯಿತು ರಮ್ಯಾ, ನಾನು ಆಸ್ಪತ್ರೆಯಲ್ಲೇ ಅತ್ತುಬಿಟ್ಟೆ.

ವೈರಸ್ ಮಾತ್ರ ಹೋಗುವುದಿಲ್ಲ. ರಕ್ತ ಮತ್ತೆ ಇಳಿಯಬಹುದು, ಆಗಾಗ ಪರೀಕ್ಷೆ ಮಾಡಿಸಬೇಕು. ಬೇರೆ ಬೆಕ್ಕುಗಳ ಜೊತೆ ಬಿಡುವಂತಿಲ್ಲ. ದಿನಾ ಬೆಳಿಗ್ಗೆ ಒಸಡು ನೋಡಿಯೇ ನಾನು ಚಹಾ ಕುಡಿಯುವುದು. ಮುಂದಿನ ಭಾನುವಾರ ಬಾ, ನೀನೇ ನೋಡುವೆಯಂತೆ.

ನಿನ್ನ ಗೆಳತಿ,
ಹಫ್ಸ

ತಾ.ಕ.: ಬಂದಾಗ ಉಮ್ಮನಿಗೆ ಏನೂ ಅನ್ನಬೇಡ. ಲಿವರ್ ತಿನ್ನಿಸಿದವಳು ನಾನು. ಮೊದಲ ದಿನವೇ ಡಾಕ್ಟ್ರಲ್ಲಿಗೆ ಹೋಗುವ ಎಂದು ಉಮ್ಮ ಹೇಳಿದ್ದರು. ಬೆಕ್ಕನ್ನು ಬಸ್ಸಿನಲ್ಲಿ ಕೊಂಡುಹೋದರೆ ಜನ ನಗುತ್ತಾರೆ ಎಂದು ನಾನೇ ತಡೆದೆ. ಬಂಟ್ವಾಳದಲ್ಲಿ ಡಾಕ್ಟರಮ್ಮ ಯಾರು ತಿನ್ನಿಸಿದ್ದೆಂದು ಕೇಳಿದಾಗ ನನ್ನ ಮುಖ ನೋಡಿ, ನಾನೇ ಎಂದವರು ಉಮ್ಮ.